ಅಮ್ಮನ ಶ್ರುತಿ 214: ಒಂದು ಕ್ಯಾಸೆಟ್ಟು, ಆರು ಹಾಡು

ಅಮ್ಮ ಹೋಗಿ ಎರಡು ವರ್ಷವಾಯ್ತು. ಅವಳು ಹೋದ ನಾಲ್ಕನೇ ತಿಂಗಳಿಗೆ ನನ್ನ ಮದುವೆ ಮುರಿಯಿತು. ಛತ್ರ ಗೊತ್ತಾಗಿತ್ತು, ಸೀರೆ ತಂದಾಗಿತ್ತು. ಆರು ವರ್ಷ ಜೊತೆಗಿದ್ದವನು ಒಂದು ಭಾನುವಾರ ಬಂದು ಕೂತ, ಹೇಳಬೇಕಾದದ್ದು ಹೇಳಿದ, ಎದ್ದು ಹೋದ. ಆಮೇಲೆ ಅಳು ಬಂದರೆ ಅದು ಯಾರಿಗಾಗಿ ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಈ ಎರಡು ವರ್ಷದ ರಾತ್ರಿಗಳಲ್ಲಿ ಕೂತು ಮಾಡಿದ್ದು ಆರು ಹಾಡು. ಒಟ್ಟು 23 ನಿಮಿಷ. ಸಿಂಥ್ (ಕರೆಂಟಿನಿಂದ ಸ್ವರ ಹುಟ್ಟಿಸುವ ಕೀಬೋರ್ಡು), ಡ್ರಮ್ ಮಷಿನ್, ನನ್ನ ಧ್ವನಿ, ಅಮ್ಮನ ಧ್ವನಿ. ಎಲೆಕ್ಟ್ರಾನಿಕ್ ಪಾಪ್ ಅಂತ ಕರೆಯಬಹುದು. ಅದನ್ನು ಕಟ್ಟಿದ್ದು ಹೇಗೆ ಅಂತ ಬರೆದಿಡುತ್ತಿದ್ದೇನೆ. ಅರ್ಧಕ್ಕಿಂತ ಜಾಸ್ತಿ ಜಾಗ ಒಂದು ಹಳೇ ಕ್ಯಾಸೆಟ್ಟಿಗೇ ಹೋಗುತ್ತದೆ. ಅದು ಸರಿಯಾಗುವ ತನಕ ಉಳಿದ ಯಾವ ಹಾಡೂ ಸರಿಯಾಗಲಿಲ್ಲ.

ಜೂನ್. ಅಟ್ಟದ ಟ್ರಂಕು

ತೀರ್ಥಹಳ್ಳಿ ಹತ್ತಿರದ ನಮ್ಮ ಹಂಚಿನ ಮನೆ. ಮಳೆ ಹಿಡಿಯುವ ಮುಂಚೆ ಅಟ್ಟ ಖಾಲಿ ಮಾಡೋಣ ಅಂತ ಅಪ್ಪಯ್ಯ ಕರೆದರು. ಅಡಿಕೆ ಚೀಲಗಳ ಹಿಂದೆ ಒಂದು ತಗಡಿನ ಟ್ರಂಕು. ಅದರೊಳಗೆ ಭಾವಗೀತೆ ಕ್ಯಾಸೆಟ್ಟುಗಳು, ಯಕ್ಷಗಾನದ ಕ್ಯಾಸೆಟ್ಟುಗಳು, ಅಡಿಯಲ್ಲಿ ಒಂದು ಸಿ-60, ಅಂದರೆ ಒಂದು ಗಂಟೆಯ ಕ್ಯಾಸೆಟ್ಟು. ಮೇಲೆ ಅಮ್ಮನ ಕೈಬರಹ: 'ಹಸೆ ಹಾಡು, ಮೇ 1996'.

ಚಿಕ್ಕಮ್ಮನ ಮದುವೆ ವರ್ಷ ಅದು. ಮದುಮಗಳನ್ನು ಹಸೆಗೆ ಕರೆಯುವಾಗ ಹೆಂಗಸರು ಕೂತು ಹೇಳುವ ಹಾಡುಗಳು. ಅಜ್ಜಿಯಿಂದ ಬಂದದ್ದನ್ನು ಅಮ್ಮ ಟೇಪ್ ಮಾಡಿ ಕೊಟ್ಟಿದ್ದಳಂತೆ, ಉಳಿದವರು ಕಲಿಯಲಿ ಅಂತ. ನನ್ನ ಮದುವೆಯಲ್ಲೂ ಇದೇ ಹಾಡು ಹೇಳಬೇಕಾಗಿತ್ತು. ಹೇಳುವವಳೂ ಇಲ್ಲ, ಮದುವೆಯೂ ಇಲ್ಲ. ಕ್ಯಾಸೆಟ್ಟು ಕೈಯಲ್ಲಿ ಹಿಡಿದು ಅಟ್ಟದ ಏಣಿಯ ಮೇಲೇ ತುಂಬ ಹೊತ್ತು ಕೂತಿದ್ದೆ.

ಮಲೆನಾಡಿನಲ್ಲಿ ಕ್ಯಾಸೆಟ್ಟು ಇಟ್ಟವರಿಗೆ ಮುಂದಿನದು ಗೊತ್ತಿರುತ್ತದೆ. ಬೂಷ್ಟು. ಕಿಟಕಿಯಲ್ಲಿ ನೋಡಿದರೆ ಟೇಪಿನ ಸುರುಳಿಯ ಅಂಚಿನ ಮೇಲೆ ಬಿಳಿ ಹಿಟ್ಟು ಚೆಲ್ಲಿದ ಹಾಗಿತ್ತು. ಇಂಥದ್ದನ್ನು ಸಿಕ್ಕಿದ ತಕ್ಷಣ ಹಾಕಿ ಕೇಳಬಾರದು. ಬೂಷ್ಟು ಅಂಟಿಕೊಂಡ ಪದರ ಬಿಡಿಸಿಕೊಳ್ಳದೆ ಟೇಪು ಹರಿಯುತ್ತದೆ. ಹರಿಯದಿದ್ದರೂ ಆ ಪುಡಿ ಟೇಪಿನಿಂದ ಸದ್ದು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಮೂವತ್ತು ವರ್ಷ ಸುಮ್ಮನಿದ್ದದ್ದು, ಇನ್ನೊಂದು ವಾರ ಇರಲಿ ಅಂದುಕೊಂಡೆ.

ಮೊದಲು ಮಾಡಿದ ಕೆಲಸ: ಬೆನ್ನಿನ ಎರಡು ಕಿವಿಗಳನ್ನು ಮುರಿದೆ. ಆ ಪ್ಲಾಸ್ಟಿಕ್ ಕಿವಿ ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಕೆಳಗಿಳಿಯುವುದಿಲ್ಲ. ಕೈತಪ್ಪಿ ಅಮ್ಮನ ಮೇಲೆ ಬೇರೇನೋ ರೆಕಾರ್ಡ್ ಆಗುವ ಭಯ ಅಲ್ಲಿಗೆ ಮುಗಿಯಿತು.

ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹತ್ತು ದಿನ ಇಟ್ಟೆ. ಒಣಗಿದ ಬೂಷ್ಟು ಉದುರುತ್ತದೆ, ಹಸಿ ಬೂಷ್ಟು ಮೆತ್ತಿಕೊಳ್ಳುತ್ತದೆ. ಬಿಸಿಲಿಗೆ ಮಾತ್ರ ಇಡಬೇಡಿ, ಟೇಪು ಸೊಟ್ಟಗಾಗುತ್ತದೆ. ಹತ್ತು ದಿನದ ನಂತರ ಜಗಲಿಯಲ್ಲಿ ಕೂತು, ಎನ್95 ಮಾಸ್ಕ್ ಹಾಕಿಕೊಂಡು, ಮೂಲೆಯ ನಾಲ್ಕು ಮತ್ತು ನಡುವಿನ ಒಂದು ಸ್ಕ್ರೂ ಬಿಚ್ಚಿದೆ. ಮಾಸ್ಕ್ ಬೇಕೇ ಬೇಕು. ಆ ಪುಡಿ ಎದೆಗೆ ಒಳ್ಳೆಯದಲ್ಲ.

ಒಳಗೆ ಇನ್ನೊಂದು ತೊಂದರೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚಿಕ್ಕ ಫೆಲ್ಟ್ ತುಂಡು ಇರುತ್ತದಲ್ಲ, ತೆಳು ತಾಮ್ರದ ಬಣ್ಣದ ಸ್ಪ್ರಿಂಗಿನ ಮೇಲೆ? ಅದರ ಗೋಂದು ಒಣಗಿ, ತುಂಡು ಬಿದ್ದು ಮೂಲೆ ಸೇರಿತ್ತು. ಅದಿಲ್ಲದೆ ಹಾಕಿದ್ದರೆ ಧ್ವನಿ ಕಂಬಳಿ ಹೊದ್ದ ಹಾಗೆ ಕೇಳುತ್ತಿತ್ತು. ಸುರುಳಿಗಳೆರಡನ್ನೂ ಎತ್ತಿ ಒಂದು ಒಳ್ಳೆಯ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿದೆ. ಆ ಚಿಪ್ಪಿನ ಕಿವಿಯನ್ನೂ ಮುರಿದೆ. ಪೆನ್ಸಿಲ್ ತೂರಿಸಿ ಒಂದೊಂದೇ ಸುತ್ತು ತಿರುಗಿಸುತ್ತಾ, ಮೆತ್ತನೆಯ ಒಣ ಬಟ್ಟೆಯ ನಡುವೆ ಟೇಪು ಹಾಯಿಸಿದೆ. ಟೇಪಿನ ಅಗಲ 3.81 ಮಿಲಿಮೀಟರ್ ಅಷ್ಟೇ, ಉದ್ದ ಸುಮಾರು 90 ಮೀಟರ್. ಮಧ್ಯಾಹ್ನ ಶುರು ಮಾಡಿದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

"ಎಂತ ಮಾಡ್ತಿದೀಯೇ?" ಅಂತ ಅಪ್ಪಯ್ಯ ಎರಡು ಸಲ ಬಂದು ಕೇಳಿದರು. ಮೂರನೇ ಸಲ ಬಂದವರು ಏನೂ ಕೇಳದೆ ಟಾರ್ಚು ಹಿಡಿದು ಪಕ್ಕ ಕೂತರು.

ಜುಲೈ. ಬೆಲ್ಟು, ಹೆಡ್ಡು, ಸೆಲ್ಲು

ರೆಕಾರ್ಡ್ ಮಾಡಿದ ಅದೇ ಟೇಪ್ ರೆಕಾರ್ಡರ್ ಮನೆಯಲ್ಲಿತ್ತು. ಗುಂಡಿ ಒತ್ತಿದರೆ ಮೋಟರಿನ ಸದ್ದು ಬರುತ್ತದೆ, ಕ್ಯಾಸೆಟ್ಟು ತಿರುಗುವುದಿಲ್ಲ. ಬಿಚ್ಚಿದರೆ ಬೆಲ್ಟು ಕರಗಿ ಡಾಂಬರಾಗಿತ್ತು. ಹಳೇ ರಬ್ಬರಿನ ಹಣೆಬರಹವೇ ಇದು. ಪುಲ್ಲಿಯ ಮೇಲಿಂದ ಅದನ್ನು ತೆಗೆಯೋಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಅರ್ಧ ಡಬ್ಬಿ ಬಡ್ಸ್ ಬೇಕಾಯ್ತು. ಹೊಸ ಬೆಲ್ಟಿಗೆ ಅಳತೆ ತೆಗೆಯಲು ಪುಲ್ಲಿಗಳ ಸುತ್ತ ನೂಲು ಸುತ್ತಿ, ಬಂದ ಉದ್ದಕ್ಕಿಂತ ನೂರಕ್ಕೆ ಐದರಷ್ಟು ಕಡಿಮೆ ಇರುವುದನ್ನು ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದೆ. ಬಿಗಿ ಜಾಸ್ತಿಯಾದರೆ ಮೋಟರಿಗೆ ಭಾರ, ಸಡಿಲವಾದರೆ ಧ್ವನಿ ತೇಲುತ್ತದೆ.

ಹೆಡ್ಡು, ಟೇಪು ಎಳೆಯುವ ಕಡ್ಡಿ (ಕ್ಯಾಪ್‌ಸ್ಟನ್), ರಬ್ಬರ್ ಗಾಲಿ ಒರೆಸಿದೆ. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂ ತಿರುಗಿಸಿ ಓರೆ ಸರಿಮಾಡಿದೆ. 'ಸ', 'ಶ' ಅಕ್ಷರಗಳು ಎಲ್ಲಿ ಚೂಪಾಗಿ ಕೇಳುತ್ತವೋ ಅಲ್ಲಿ ನಿಲ್ಲಿಸಬೇಕು. ಇದನ್ನೆಲ್ಲ ಬೇರೆ ಕ್ಯಾಸೆಟ್ಟು ಹಾಕಿ ಮಾಡಿದ್ದು. ಕೊನೆಯ ಚೂರು ಮಾತ್ರ ಅಮ್ಮನ ಟೇಪಿನಲ್ಲಿ.

ಸೆಟ್ಟನ್ನು ಕರೆಂಟಿಗೆ ಸಿಕ್ಕಿಸಲಿಲ್ಲ, ದಪ್ಪ ಸೆಲ್ ಹಾಕಿದೆ. ಕರೆಂಟಿನಲ್ಲಿ ಓಡಿಸಿದರೆ ಈಗಿನ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಗುಂಯ್ ಸದ್ದು ಟೇಪಿನೊಳಗಿನ ಹಳೇ ಗುಂಯ್ ಜೊತೆ ಸೇರಿಹೋಗುತ್ತದೆ. ಆ ಹಳೇ ಸದ್ದು ನನಗೆ ಬೇಕಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಡ್‌ಫೋನ್ ತೂತಿನಿಂದ ಆಡಿಯೊ ಇಂಟರ್‌ಫೇಸಿಗೆ ಒಂದು ವೈರು. 24 ಬಿಟ್, 48 ಕಿಲೋಹರ್ಟ್ಸ್. ಒತ್ತಿದೆ. ಹತ್ತು ಸೆಕೆಂಡ್ ಬರೀ ಸುಯ್ ಅನ್ನುವ ಸದ್ದು. ಆಮೇಲೆ ಅಮ್ಮ ಗಂಟಲು ಸರಿಮಾಡಿಕೊಂಡಳು. ಹಾಡಿನ್ನೂ ಶುರುವಾಗಿರಲಿಲ್ಲ, ಗಂಟಲು ಸರಿಮಾಡಿಕೊಂಡ ಸದ್ದು ಅಷ್ಟೇ. ಹೆಡ್‌ಫೋನ್ ತೆಗೆದಿಟ್ಟು ತೋಟಕ್ಕೆ ಹೋಗಿ ನಿಂತೆ. ರೆಕಾರ್ಡಿಂಗ್ ತನ್ನ ಪಾಡಿಗೆ ನಡೆಯುತ್ತಿತ್ತು.

ಆಗಸ್ಟ್. ಗಡಿಯಾರ ಒಂದು ಹೇಳಿತು, ಕರೆಂಟು ಇನ್ನೊಂದು

ಹಳೇ ಟೇಪು ಸರಿಯಾದ ವೇಗದಲ್ಲಿ ಓಡುತ್ತಿದೆಯಾ ಅಂತ ತಿಳಿಯೋದು ಹೇಗೆ? ಕ್ಯಾಸೆಟ್ಟಿನ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್ ಇರಬೇಕು. ಬೆಲ್ಟು ಬದಲಾಗಿದೆ, ಮೋಟರಿಗೆ ವಯಸ್ಸಾಗಿದೆ, ಯಾವುದನ್ನೂ ನಂಬುವ ಹಾಗಿಲ್ಲ. ಈ ಕೆಲಸ ಮಾಡುವವರು ಸಾಮಾನ್ಯವಾಗಿ, ರೆಕಾರ್ಡ್ ಆಗುವಾಗ ಟೇಪಿಗೆ ಸೇರಿಕೊಂಡ ಕರೆಂಟಿನ ಗುಂಯ್ ಸದ್ದನ್ನು ಅಳತೆಗೋಲು ಮಾಡಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಅದು 50 ಹರ್ಟ್ಸ್. ಟೇಪಿನಲ್ಲಿ ಅದು 52 ಅಂತ ಬಂದರೆ ಟೇಪು ಜೋರಾಗಿ ಓಡುತ್ತಿದೆ ಅಂತ ಅರ್ಥ.

ಆಡಾಸಿಟಿ ಅನ್ನುವ ಆಡಿಯೊ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿದೆ. 50.1. ಹೆಚ್ಚುಕಮ್ಮಿ ಕರಾರುವಾಕ್ಕು. ಅಮ್ಮನ ಷಡ್ಜ ಅಳೆದೆ. 220.6 ಹರ್ಟ್ಸ್. ಕೀಬೋರ್ಡಿನ ಬಿಳಿ 6ರ (ಆರನೇ ಬಿಳಿ ಮನೆಯ) ಮೇಲೆ ನೇರವಾಗಿ ಕೂರುತ್ತದೆ! ನನ್ನ ಸಿಂಥ್‌ಗಳೆಲ್ಲ ಅದೇ ಶ್ರುತಿಯಲ್ಲಿದ್ದವು. ಅವತ್ತೇ ರಾತ್ರಿ ಎರಡು ಹಾಡಿಗೆ ಅಮ್ಮನ ಧ್ವನಿ ಕೂರಿಸಿದೆ. ಎಲ್ಲ ಸಲೀಸಾಗಿ ಹೊಂದಿಕೊಂಡಿತು.

ಬೆಳಿಗ್ಗೆ ಅಪ್ಪಯ್ಯನಿಗೆ ಕೇಳಿಸಿದೆ. ಸುಮ್ಮನೆ ಕೇಳಿ, "ಇದು ನಿನ್ನ ಚಿಕ್ಕಮ್ಮನ ಹಾಗೆ ಕೇಳ್ತದೆ" ಅಂದರು.

ಆ ಮಾತು ತಲೆಯಿಂದ ಹೋಗಲಿಲ್ಲ. 38 ವರ್ಷ ಜೊತೆಗೆ ಬಾಳಿದವರ ಕಿವಿ ಅದು. ಮತ್ತೆ ಹೆಡ್‌ಫೋನ್ ಹಾಕಿ ಕೂತೆ. ಈ ಸಲ ಹಾಡು ಬಿಟ್ಟು ಅದರ ಹಿಂದಿನದನ್ನು ಕೇಳಿದೆ. ಎರಡು ಸಾಲಿನ ನಡುವೆ ಅಮ್ಮ ಉಸಿರು ತೆಗೆದುಕೊಳ್ಳುವಾಗ, ತುಂಬ ಹಿಂದೆ, ಟಿಕ್. ಟಿಕ್. ಟಿಕ್. ನಡುಮನೆಯ ಗೋಡೆ ಗಡಿಯಾರ. ಸೆಲ್ಲಿನ ಕ್ವಾರ್ಟ್ಜ್ ಗಡಿಯಾರ. ಇವತ್ತಿಗೂ ಅದೇ ಮೊಳೆಗೆ ನೇತಾಡುತ್ತಿದೆ.

ಕ್ವಾರ್ಟ್ಜ್ ಗಡಿಯಾರದೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಟಿಕ್. ದಿನಕ್ಕೆ ಒಂದೆರಡು ಸೆಕೆಂಡ್ ತಪ್ಪಿದರೂ ನನ್ನ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. 60 ಟಿಕ್ಕಿಗೆ 60 ಸೆಕೆಂಡ್ ಆಗಲೇಬೇಕು. ಎಣಿಸಿದೆ. 58.2 ಸೆಕೆಂಡ್. ಬೇರೆ ಎರಡು ಕಡೆ ಎಣಿಸಿದೆ. 58.1, 58.3. ಅಂದರೆ ಟೇಪು ನೂರಕ್ಕೆ ಮೂರರಷ್ಟು ಜೋರಾಗಿ ಓಡುತ್ತಿದೆ.

ಹಾಗಾದರೆ ಕರೆಂಟಿನ 50.1? ಪಕ್ಕದ ಮನೆಯ ಹಿರಿಯರು ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರನ್ನು ಕೇಳಿದೆ. "96ನೇ ಇಸವಿಯಾ? ಮೇ ತಿಂಗಳಾ? ಆವಾಗ 50 ಎಲ್ಲಿತ್ತು ಮಾರಾಯ್ತಿ! ಲಿಂಗನಮಕ್ಕಿಯಲ್ಲಿ ನೀರು ತಳ ಕಾಣೋ ಕಾಲ. 48, 48 ಚಿಲ್ಲರೆ ಇರ್ತಿತ್ತು" ಅಂದರು. ಕರೆಂಟು ಬೇಡಿದಷ್ಟು ಹುಟ್ಟದಿದ್ದರೆ ಜನರೇಟರುಗಳು ನಿಧಾನವಾಗುತ್ತವೆ, ಹರ್ಟ್ಸ್ ಇಳಿಯುತ್ತದೆ. ಆಗ ದಕ್ಷಿಣದ ಗ್ರಿಡ್ಡು ಬೇರೆಯೇ ಇತ್ತು. ಉಳಿದ ದೇಶದ ಗ್ರಿಡ್ಡಿನ ಜೊತೆ ಅದು ಒಂದೇ ಹರ್ಟ್ಸಿನಲ್ಲಿ ಓಡುವ ಹಾಗೆ ಜೋಡಿಯಾದದ್ದು 2013ರ ಡಿಸೆಂಬರ್ 31ಕ್ಕೆ, ರಾಯಚೂರು–ಸೊಲ್ಲಾಪುರ ಲೈನಿನಲ್ಲಿ.

ಲೆಕ್ಕ ಹಾಕಿದೆ. 50.1ರಲ್ಲಿ ನೂರಕ್ಕೆ ಮೂರು ಕಳೆದರೆ 48.6. ಅವರು ಬಾಯಲ್ಲಿ ಹೇಳಿದ್ದು ಟೇಪಿನೊಳಗೆ ಹಾಗೇ ಇತ್ತು.

ಟೇಪ್ ರೆಕಾರ್ಡರಿನ ಮೋಟರಿನ ಬೆನ್ನಲ್ಲಿ ಒಂದು ಚಿಕ್ಕ ತೂತಿರುತ್ತದೆ. ಅದರೊಳಗಿನ ಸ್ಕ್ರೂ ತಿರುಗಿಸಿದರೆ ವೇಗ ಬದಲಾಗುತ್ತದೆ. ಅಮ್ಮನ ಟೇಪನ್ನು ಮತ್ತೆ ಮತ್ತೆ ಓಡಿಸಿ ಸವೆಸುವುದು ಬೇಡ ಅಂತ, ಒಂದು ಖಾಲಿ ಕ್ಯಾಸೆಟ್ಟಿಗೆ 1000 ಹರ್ಟ್ಸ್ ಸದ್ದು ತುಂಬಿದೆ. ಅದನ್ನು ಓಡಿಸುತ್ತಾ 970 ತೋರಿಸುವ ತನಕ ಸ್ಕ್ರೂವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದೆ. ಆಮೇಲೆ ಅಮ್ಮನ ಟೇಪನ್ನು ಮತ್ತೊಮ್ಮೆ ಪೂರ್ತಿ ಕಂಪ್ಯೂಟರಿಗೆ ಇಳಿಸಿದೆ. 60 ಟಿಕ್ಕಿಗೆ 60 ಸೆಕೆಂಡ್.

ಈ ಸಲ ಅಪ್ಪಯ್ಯ ಏನೂ ಹೇಳಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

ಸೆಪ್ಟೆಂಬರಿನಿಂದ ಡಿಸೆಂಬರ್. ಯಾರ ಶ್ರುತಿಗೆ ಯಾರು

ಸರಿಯಾದ ವೇಗದಲ್ಲಿ ಅಮ್ಮನ ಷಡ್ಜ 214 ಹರ್ಟ್ಸ್. ಯಕ್ಷಗಾನದ ಭಾಗವತರ ಲೆಕ್ಕದಲ್ಲಿ ಹೇಳೋದಾದರೆ ಕಪ್ಪು 4ಕ್ಕೂ ಬಿಳಿ 6ಕ್ಕೂ ನಟ್ಟನಡುವೆ. ಕೀಬೋರ್ಡಿನಲ್ಲಿ ಅಂಥ ಮನೆಯೇ ಇಲ್ಲ. ಮಾಡಿಟ್ಟಿದ್ದ ಎರಡು ಹಾಡೂ ಅಪಸ್ವರವಾದವು.

ಅಮ್ಮನ ಧ್ವನಿಯನ್ನು ಅರ್ಧ ಮನೆ ಏರಿಸಿದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಅದು ನನ್ನಿಂದ ಆಗಲಿಲ್ಲ. ತೋಟದ ಕೆಲಸ ಮುಗಿಸಿ, ಯಾವ ಹಾರ್ಮೋನಿಯಮ್ಮೂ ಇಲ್ಲದೆ, ಗಂಟಲಿಗೆ ಹಿತವಾದ ಜಾಗ ಹಿಡಿದು ಅವಳು ಹಾಡಿದ್ದಾಳೆ. ಆ ಜಾಗ ಅವಳದು. ಯಂತ್ರಗಳೇ ಅಲ್ಲಿಗೆ ಬರಲಿ.

ಹಾಗಾಗಿ ಎಲ್ಲವನ್ನೂ ಕೀಬೋರ್ಡುಗಳ ಮಾಮೂಲಿ ಶ್ರುತಿಯಾದ 440 ಹರ್ಟ್ಸಿನಿಂದ 428ಕ್ಕೆ ಇಳಿಸಿದೆ. 428 ಅಂದರೆ 214ರ ಎರಡರಷ್ಟು. ಸರ್ಜ್ ಎಕ್ಸ್‌ಟಿ ಸಿಂಥಿನಲ್ಲಿ ಶ್ರುತಿಯ ಫೈಲು ಹಾಕುವ ವ್ಯವಸ್ಥೆಯೇ ಇದೆ, ಅದು ಪುಕ್ಕಟೆ ಕೂಡ. ಉಳಿದವುಗಳಲ್ಲಿ ಫೈನ್ ಟ್ಯೂನನ್ನು 48 ಸೆಂಟ್ (ಒಂದು ಮನೆಗೆ ನೂರು ಸೆಂಟ್) ಇಳಿಸಿದೆ. ನನ್ನ ಹತ್ತಿರ ಕೈಗಾತ್ರದ ಒಂದು ಅನಲಾಗ್ ಸಿಂಥ್ ಇದೆ. ಅದು ಬಿಸಿಯಾಗುವ ತನಕ ಶ್ರುತಿ ಜಾರುತ್ತಲೇ ಇರುತ್ತದೆ. ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಆಮೇಲೆ ಹೊಂದಿಸುತ್ತಿದ್ದೆ. ಎಲ್ಲಕ್ಕಿಂತ ಸಲೀಸಾಗಿ ಬಂದದ್ದು ಬೆಂಗಳೂರಿನ ರಾಡೆಲ್ ಎಲೆಕ್ಟ್ರಾನಿಕ್ ತಂಬೂರ. ತಿರುಪು ತಿರುಗಿಸಿದರೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಹಾಡುವವರ ಗಂಟಲು ಒಬ್ಬೊಬ್ಬರದು ಒಂದೊಂದು ಜಾಗದಲ್ಲಿ ಅಂತ ತಿಳಿದವರು ಮಾಡಿದ ಯಂತ್ರ ಅದು. ಐದು ಹಾಡಿನ ಅಡಿಯಲ್ಲಿ ಅದೇ ಇದೆ.

ಕಿಕ್ ಡ್ರಮ್ಮನ್ನು (ತಾಳದ ದಪ್ಪ ಪೆಟ್ಟು) 53.5 ಹರ್ಟ್ಸಿಗೆ ಕಟ್ಟಿದೆ. 214ಕ್ಕಿಂತ ಸರಿಯಾಗಿ ಎರಡು ಸ್ಥಾಯಿ ಕೆಳಗೆ. ಅದರ ಮೇಲಿನ ಧಪ್ ಸದ್ದು ಅಡಿಕೆ ಚೀಲವನ್ನು ಜಗಲಿಗೆ ಇಳಿಸಿದಾಗ ಫೋನಿನಲ್ಲಿ ಹಿಡಿದದ್ದು. ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಜಾಗದಲ್ಲಿ ಕೊಟ್ಟಿಗೆಯ ತಗಡಿನ ಮೇಲಿನ ಮಳೆ, 8 ಕಿಲೋಹರ್ಟ್ಸಿನ ಕೆಳಗಿನದೆಲ್ಲ ಕತ್ತರಿಸಿ.

ತಾಳದ ವೇಗವನ್ನು ನಾನು ಆರಿಸಲೇ ಇಲ್ಲ. ಗಡಿಯಾರ ನಿಮಿಷಕ್ಕೆ 60. ಮೊದಲ ಹಾಡು 60, ಕುಣಿಯುವಂಥ ಎರಡು ಹಾಡು 120. ಟೇಪು ಚೂರು ತೇಲುವುದರಿಂದ ಟಿಕ್‌ಗಳು ಕಂಪ್ಯೂಟರಿನ ತಾಳದ ಗೆರೆಗೆ ಪೂರ್ತಿ ಕೂರುವುದಿಲ್ಲ. ಟಿಕ್ಕನ್ನು ಎಳೆದು ಗೆರೆಗೆ ತರಬಹುದಿತ್ತು. ಬದಲಿಗೆ ಪ್ರತಿ ಎಂಟು ಟಿಕ್ಕಿಗೊಮ್ಮೆ ಗೆರೆಯನ್ನೇ ಸರಿಸಿದೆ. ಬೇಸರದ ಕೆಲಸ, ಮೂರು ವಾರ ಹಿಡಿಯಿತು. ಆದರೆ ಈಗ ಡ್ರಮ್ಮು ಉಸಿರಾಡುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಈ ಥರದ ಸಂಗೀತದಲ್ಲಿ ಕಿಕ್ ಬಿದ್ದಾಗಲೆಲ್ಲ ಉಳಿದ ಸದ್ದು ತಗ್ಗುವ ಹಾಗೆ ಮಾಡುತ್ತಾರೆ, ಸೈಡ್‌ಚೈನ್ ಅಂತ. ನಾನು ಅದನ್ನು ತಿರುಗಿಸಿದೆ. ಅಮ್ಮನ ಧ್ವನಿ ಬಂದಾಗ ಕಿಕ್ಕು, ಬೇಸು, ಎಲ್ಲವೂ 3 ಡೆಸಿಬಲ್ ತಗ್ಗುತ್ತವೆ. ಅವಳು ಉಸಿರು ತೆಗೆದುಕೊಂಡಾಗ ಮತ್ತೆ ಏಳುತ್ತವೆ. ದೊಡ್ಡವರು ಮಾತಾಡುವಾಗ ಮಕ್ಕಳು ಸುಮ್ಮನಾಗುವ ಹಾಗೆ.

ಗದ್ದಲ ತೆಗೆಯುವುದರಲ್ಲಿ ಒಂದು ತಪ್ಪು ಮಾಡಿದೆ. ಟೇಪಿನ ಸುಯ್ ಸದ್ದನ್ನು 12 ಡೆಸಿಬಲ್ ಇಳಿಸಿದಾಗ ಧ್ವನಿ ನೀರೊಳಗಿಂದ ಬಂದ ಹಾಗಾಯ್ತು, ಟಿಕ್ ಪೂರ್ತಿ ಮಾಯ. 4ಕ್ಕೆ ನಿಲ್ಲಿಸಿದೆ. 48.6ರ ಗುಂಯ್ ಮಾತ್ರ ಹೋಗಲೇಬೇಕಿತ್ತು, ಅದು 53.5ರ ಕಿಕ್ ಜೊತೆ ಸೇರಿ ನಡುಗುತ್ತಿತ್ತು. 90 ಹರ್ಟ್ಸಿನ ಕೆಳಗೆ ಕತ್ತರಿಸಿದೆ. ಅಮ್ಮನ ಧ್ವನಿ ಇರುವುದೇ ಅದರ ಮೇಲೆ, ಅವಳದೇನೂ ಹೋಗಲಿಲ್ಲ. ಕತ್ತರಿಸಿದ ಗುಂಯ್ ಸದ್ದನ್ನು ಎಸೆಯಲಿಲ್ಲ. ಐದನೇ ಹಾಡಿನ ಕೊನೆಗೆ ಅದೊಂದೇ ಇದೆ, ಹನ್ನೊಂದು ಸೆಕೆಂಡ್. ಆ ಸಂಜೆ ನಮ್ಮ ಮನೆಗೆ ಬಂದ ಕರೆಂಟು ಅದು.

ಟೇಪಿನ ಮಧ್ಯದಲ್ಲಿ ಅಮ್ಮ ಹಾಡು ನಿಲ್ಲಿಸಿ, "ಹಾಲು ಉಕ್ತಾ ಇದೆ, ನೋಡಿ" ಅಂತ ಅಪ್ಪಯ್ಯನಿಗೆ ಕೂಗಿ ಹೇಳುತ್ತಾಳೆ. ಮತ್ತೆ ಅದೇ ಸಾಲಿನಿಂದ, ಅದೇ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾಳೆ. ಅಳೆದು ನೋಡಿದೆ. ನಿಲ್ಲಿಸುವ ಮುಂಚೆ 214, ಆಮೇಲೂ 214. ಎರಡನೇ ಹಾಡಿಗೆ 'ಹಾಲು' ಅಂತಲೇ ಹೆಸರಿಟ್ಟೆ.

ಜನವರಿ. ನಾಲ್ಕನೇ ಹಾಡು

ಇದು ಅವನ ಹಾಡು. ಮದುವೆ ಮಾತಿಗೂ ಮುಂಚೆ ಇಬ್ಬರೂ ಸೇರಿ ಶುರು ಮಾಡಿದ್ದು. ಎಡಗಡೆ ನನ್ನ ಧ್ವನಿ, ಬಲಗಡೆ ಅವನದು, ನನಗಿಂತ ಮೂರು ಸ್ವರ ಕೆಳಗೆ. ಕಚ್ಚಾ ರೆಕಾರ್ಡಿಂಗ್ ಇನ್ನೂ ಲ್ಯಾಪ್‌ಟಾಪಿನಲ್ಲಿತ್ತು. ಅವನ ಧ್ವನಿ ಹಾಗೇ ಇಟ್ಟುಕೊಂಡರೆ ಹಾಡು ಪೂರ್ತಿಯಾಗುತ್ತಿತ್ತು. ಆದರೆ ಧ್ವನಿ ಅವನದು, ಅವನು ಹೊರಟುಹೋಗಿದ್ದಾನೆ, ಕೇಳದೆ ಬಳಸೋದು ಸರಿಯಲ್ಲ. ಕೇಳೋಕೆ ಫೋನ್ ಮಾಡುವ ಶಕ್ತಿ ನನಗಿರಲಿಲ್ಲ. ಅಳಿಸಿದೆ.

ಆ ಜಾಗಕ್ಕೆ ಏನೇನೋ ತುಂಬಿ ನೋಡಿದೆ. ಸಿಂಥ್, ನನ್ನದೇ ಎರಡನೇ ಧ್ವನಿ, ಧ್ವನಿಯನ್ನು ಯಂತ್ರದ ಹಾಗೆ ಮಾಡುವ ವೊಕೋಡರ್. ಪ್ರತಿ ಸಲವೂ ಸುಳ್ಳು ಅನಿಸಿತು. ಕೊನೆಗೆ ಖಾಲಿ ಬಿಟ್ಟೆ. 2 ನಿಮಿಷ 10 ಸೆಕೆಂಡ್ ಬಲಗಿವಿಯಲ್ಲಿ ಮಳೆ ಮಾತ್ರ, ಅದೂ ತುಂಬ ಸಣ್ಣಗೆ. ಕೇಳಿದ ಗೆಳತಿ ತನ್ನ ಇಯರ್‌ಫೋನ್ ಹಾಳಾಯ್ತೇನೋ ಅಂತ ತೆಗೆದು ನೋಡಿದಳು. ಹಾಗೇ ಇರಲಿ ಅಂದೆ. ಒಂದೇ ಸ್ಪೀಕರಿನ ಫೋನಿನಲ್ಲಿ ಎರಡೂ ಕಡೆ ಕೂಡಿಕೊಳ್ಳುವುದರಿಂದ ಅಲ್ಲಿ ತೊಂದರೆಯಿಲ್ಲ, ಪರೀಕ್ಷೆ ಮಾಡಿದ್ದೇನೆ.

ಆರನೇ ಹಾಡಿನ ಹಿನ್ನೆಲೆಯನ್ನು ಅಮ್ಮನ ಒಂದೇ ಒಂದು ಎಳೆದ 'ಓ' ಕಾರದಿಂದ ಮಾಡಿದೆ. ಅದನ್ನು 80 ಮಿಲಿಸೆಕೆಂಡಿನ ಚೂರುಗಳಾಗಿ ಮಾಡಿ, ಒಂದರ ಮೇಲೊಂದು ಹಾಸಿ, ಚೂರು ಹಿಂದೆಮುಂದೆ ಮಾಡಿದರೆ ಮುಗಿಯದ ಒಂದು ಸ್ವರವಾಗುತ್ತದೆ. ಅವಳು ಒಂದೂವರೆ ಸೆಕೆಂಡ್ ಹಿಡಿದ ಸ್ವರ ಈಗ ನಾಲ್ಕು ನಿಮಿಷ ನಿಲ್ಲುತ್ತದೆ. ಹಸೆ ಹಾಡಿನ ಮಾತುಗಳು ಮಾತ್ರ ಆಲ್ಬಮ್ಮಿನಲ್ಲಿ ಎಲ್ಲೂ ಪೂರ್ತಿ ಬರುವುದಿಲ್ಲ. ಅವು ಮದುವೆ ಮನೆಯಲ್ಲಿ ಹೇಳಬೇಕಾದವು. ಚಿಕ್ಕಮ್ಮನಿಗೆ ಟೇಪಿನ ಪೂರ್ತಿ ಪ್ರತಿ ಕಳಿಸಿದ್ದೇನೆ.

ಒಟ್ಟು ಜೋರನ್ನು −16 ಲಫ್ಸ್‌ಗೆ (ಹಾಡು ಎಷ್ಟು ಜೋರು ಅನ್ನುವ ಅಳತೆ) ನಿಲ್ಲಿಸಿದೆ. ಸ್ಪಾಟಿಫೈ −14ಕ್ಕೆ ಹೊಂದಿಸುತ್ತದೆ. ನನ್ನದನ್ನು ಒತ್ತಿ ಒತ್ತಿ ಅಲ್ಲಿಗೆ ಏರಿಸಿದರೆ ಅಮ್ಮನ ಉಸಿರು ಮತ್ತು ಅಮ್ಮನ ಹಾಡು ಒಂದೇ ಎತ್ತರಕ್ಕೆ ಬರುತ್ತಿದ್ದವು. ಅದು ಬೇಡವಾಗಿತ್ತು.

ಫೆಬ್ರವರಿ

ಮುಗಿದ ಆರೂ ಹಾಡನ್ನು ನಡುಮನೆಯಲ್ಲಿ ಅಪ್ಪಯ್ಯನಿಗೆ ಕೇಳಿಸಿದೆ. ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, 23 ನಿಮಿಷವೂ ಕೇಳಿದರು. ಕೊನೆಯ ಹಾಡು ಮುಗಿದ ಮೇಲೆ ಟೇಪಿನ ಟಿಕ್ ಸ್ವಲ್ಪ ಹೊತ್ತು ಹಾಗೇ ಮುಂದುವರಿಯುತ್ತದೆ. ಅದು ನಿಂತಾಗ ಗೋಡೆಯ ಗಡಿಯಾರದ ಟಿಕ್ ಕೇಳತೊಡಗಿತು. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯ್ತು ಅಂತ ನನಗೂ ತಿಳಿಯಲಿಲ್ಲ.

ಅಪ್ಪಯ್ಯ ಕಣ್ಣು ಬಿಟ್ಟು ಗಡಿಯಾರ ನೋಡಿದರು.

"ಅದನ್ನ ನಿನ್ನ ಅಮ್ಮ ಐದು ನಿಮಿಷ ಮುಂದೆ ಇಟ್ಟಿದ್ದಳು. ನಿನ್ನ ಸ್ಕೂಲ್ ಬಸ್ಸು ತಪ್ಪಬಾರದು ಅಂತ."

"ಈಗ?"

"ಸೆಲ್ ಹಾಕುವಾಗ ಎಲ್ಲ ನಾನೂ ಹಾಗೇ ಇಡ್ತೇನೆ."

ಮೊಬೈಲ್ ತೆಗೆದು ನೋಡಿದೆ. 7:40. ಗೋಡೆಯ ಮೇಲೆ 7:45.